ಬರೆದ ಬೆಲೆಗೆ ಮನೆ

ಮುಕ್ಕಾಂ ಬಾಲಗಾಂವ, ತಾ. ಜತ್ತ
ದಿ. ೧೬ ಫೆಬ್ರುವರಿ ೨೦೨೫, ರವಿವಾರ, ಊಟವಾದ ಮೇಲೆ

ದಿಲ್ಲಿಯಲ್ಲಿ ಕುಳಿತು ದೇಶದ ಮನೆಗಳನ್ನೆಲ್ಲ ಎಣಿಸುತ್ತಿರುವ ನಮ್ಮ ಸೃಷ್ಟಿಗೆ, ಇಲ್ಲಿ ಒಂದೇ ಮನೆಯನ್ನು ಎಣಿಸಿ ದಣಿದಿರುವ ನಿನ್ನ ಅಣ್ಣಾರಾಯ ಮಾಮಾನ ಆಶೀರ್ವಾದಗಳು.

ನಾವೆಲ್ಲ ಗಟ್ಟಿಯಾಗಿದ್ದೇವೆ. ನಿನ್ನ ಅವ್ವನ ಮೊಣಕಾಲು ಮೊದಲಿಗಿಂತ ಚಲೋ ಇದೆ. ನಾಲಿಗೆ ಮೊದಲಿನಿಂದಲೂ ಚಲೋ ಇದೆ. ನಿನ್ನ ಮಾಮಿ, ಪತ್ರದಲ್ಲಿ ಸುಳ್ಳು ಕಡಿಮೆ ಬರೆಯಿರಿ ಎಂದು ಹೇಳಿ ಶೇಂಗಾ ಸುಲಿಯಲು ಕುಳಿತಿದ್ದಾಳೆ. ಆದ್ದರಿಂದ ಎಚ್ಚರದಿಂದ ಬರೆಯುತ್ತಿದ್ದೇನೆ.

ನಿನ್ನ ಜನವರಿಯ ಪತ್ರ ಸಂಕ್ರಮಣದ ಮರುದಿನ ಬಂತು. ಫೋನಿನಲ್ಲೇ ಹೇಳಿದರೆ ಆಗದೇ ಎಂದು ನಿನ್ನ ಸಂಗಡಿಗರು ನಗುತ್ತಾರೆಂದು ಬರೆದಿದ್ದಿ. ನಗಲಿ. ಫೋನಿನ ಮಾತನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಂದಿಗೆ ತೋರಿಸಲು ಬರುತ್ತದೆಯೇ? ದಿಲ್ಲಿಯ ಶಿಕ್ಕಾ ಇರುವ ಪಾಕೀಟು ಅಂಗಿಯ ಕಿಸೆಯಿಂದ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ನಾನು ಎಂಟು ದಿನ ತಿರುಗಿದ್ದೇನೆ. ಚಹದ ಅಂಗಡಿಯಲ್ಲಿ ಜನ ಎದ್ದು ಜಾಗ ಕೊಡುತ್ತಾರೆ.

ನಿಮ್ಮ ಕಚೇರಿಯವರು ದೇಶಕ್ಕೆಲ್ಲ ಹೊಂದುವಂಥ ಹೊಸ ಘರಪಟ್ಟಿಯ ಪದ್ಧತಿ ಹುಡುಕುತ್ತಿದ್ದಾರೆ, ಅದಕ್ಕಾಗಿ ಬೇರೆ ದೇಶಗಳಲ್ಲಿ ಮನೆಯ ಕರವನ್ನು ಹೇಗೆ ಹಾಕುತ್ತಾರೆಂದು ಓದುತ್ತಿದ್ದಾರೆ ಎಂದು ಬರೆದಿದ್ದಿ. ಮೂರು ದೇಶಗಳ ಸಂಗತಿ ತಿಳಿಸಿ, ಇದರಲ್ಲಿ ನಮ್ಮ ಊರಿಗೆ ಯಾವುದು ಹೊಂದೀತು ಮಾಮಾ ಎಂದು ಕೇಳಿದ್ದಿ. ಸರಿಯಾದ ಮನುಷ್ಯನನ್ನೇ ಕೇಳಿದಿ. ನಾನು ಓದಿದ್ದು ಏಳನೇ ಇಯತ್ತೆ. ಆದರೆ ಎಸ್ಟೋನಿಯಾ ಎಂಬ ಹೆಸರನ್ನು ಈಗ ಇಡೀ ತಾಲೂಕಿನಲ್ಲಿ ನನ್ನಷ್ಟು ನಯವಾಗಿ ಹೇಳುವವರು ಯಾರೂ ಇಲ್ಲ.

ಪತ್ರದ ಕೊನೆಗೆ ಎರಡು ಸಾಲು ಬೇರೆ ಶಾಯಿಯಲ್ಲಿ ಬರೆದಿದ್ದಿ. ಅವ್ವನ ಖಾರದ ಗಿರಣಿ ಎಂಟು ತಿಂಗಳಿನಿಂದ ಹಿಂದಿನ ಖೋಲಿಯಲ್ಲಿ ಗೋಣಿಚೀಲ ಹೊದ್ದು ಕುಳಿತಿದೆ, ಅದಕ್ಕೆ ಕರೆಂಟಿನ ಮೀಟರು ಬೇಕು, ಮೀಟರು ಸಿಗಬೇಕಾದರೆ ಪಂಚಾಯ್ತಿಯ ಉತಾರದಲ್ಲಿ, ಅಂದರೆ ಒಡೆತನದ ದಾಖಲೆಯಲ್ಲಿ, ಮನೆ ಅವಳ ಹೆಸರಿಗೂ ಇರಬೇಕು, ಉತಾರದಲ್ಲಿ ನಿಮ್ಮದೊಂದೇ ಹೆಸರಿದೆ, ಏನಂತೀರಿ ಮಾಮಾ ಎಂದು. ಅದಕ್ಕೂ ಉತ್ತರ ಇದೆ. ಮೊದಲು ದೇಶದ ಕೆಲಸ, ಆಮೇಲೆ ಮನೆಯ ಕೆಲಸ. ಆ ಗಿರಣಿಯ ಮೇಲೆ ನಾನು ನನ್ನ ರುಮಾಲು ಇಡುತ್ತಿದ್ದೆ ಎಂಬುದನ್ನು ನಿನ್ನ ಅವ್ವ ನಿನಗೆ ಬರೆದಿರಬೇಕು. ಈಗ ಇಡುವುದಿಲ್ಲ.

ಎಸ್ಟೋನಿಯಾದಿಂದ ಶುರು ಮಾಡುತ್ತೇನೆ. ಅಲ್ಲಿ ಜಾಗಕ್ಕೆ ಪಟ್ಟಿ, ಮೇಲೆ ಕಟ್ಟಿದ ಮನೆಗೆ ಪಟ್ಟಿ ಇಲ್ಲ ಎಂದು ಓದಿ ನಾನು ಪತ್ರವನ್ನು ಮಡಚಿ ರಸ್ತೆಗೆ ಇಳಿದು ನಮ್ಮ ಮನೆಯ ಕಡೆ ತಿರುಗಿ ನೋಡಿದೆ. ನಮ್ಮ ಮನೆಯ ರಸ್ತೆಗೆ ಮುಖ ಮಾಡಿದ ಗೋಡೆಯನ್ನು ನೀನು ನೋಡಿದ್ದಿ. ಹತ್ತೊಂಬತ್ತು ವರ್ಷದಿಂದ ಅದಕ್ಕೆ ಸಿಮೆಂಟಿನ ಗಿಲಾವು ಬಳಿಸಿಲ್ಲ. ಪೂರ್ತಿ ಕಟ್ಟಿ ಮುಗಿಸಿದ ಮನೆಗೆ ಪಟ್ಟಿ ಏರುತ್ತದೆ, ಅರ್ಧ ಉಳಿಸಿದರೆ ಏರುವುದಿಲ್ಲ ಎಂಬುದು ನಮ್ಮ ಓಣಿಯ ವೇದವಾಕ್ಯ. ಅದಕ್ಕೇ ಒಬ್ಬ ಗಿಲಾವು ಬಿಟ್ಟಿದ್ದಾನೆ, ಇನ್ನೊಬ್ಬ ಮಾಳಿಗೆಯ ಮೇಲೆ ಕಬ್ಬಿಣದ ಸಳಿ ಚಾಚಿ ಬಿಟ್ಟಿದ್ದಾನೆ, ಬೀರದೇವನಂತೂ ಕಿಟಕಿಗೆ ಚೌಕಟ್ಟು ಕೂಡಿಸದೆ ಹಳೆಯ ಸೀರೆ ಕಟ್ಟಿದ್ದಾನೆ. ಹೊರಗಿನವರು ನೋಡಿದರೆ ಊರಿಗೆ ಊರೇ ಗವಂಡಿಯನ್ನು ಕಾಯುತ್ತಿದೆ ಎಂದುಕೊಳ್ಳಬೇಕು. ನನ್ನ ಗೋಡೆಯ ಸಂದಿಯಲ್ಲಿ ಹಲ್ಲಿಗಳ ಮೂರು ಪೀಳಿಗೆ ಆಗಿಹೋದವು. ನಾವು ಎಸ್ಟೋನಿಯಾದಲ್ಲಿ ಹುಟ್ಟಿದ್ದರೆ ನಮ್ಮ ಊರು ಎಷ್ಟು ಚೆಂದ ಕಾಣುತ್ತಿತ್ತು ಎಂದು ನಾನು ಕಟ್ಟೆಯ ಮೇಲೆ ಹೇಳಿದೆ. ಅಲ್ಲಿ ಹಿಮ ಬೀಳುತ್ತದಂತೆ, ಹಲ್ಲಿ ಉಳಿಯುವುದಿಲ್ಲ ಎಂದು ಸುಭಾನ ಅಂದ. ಸುಭಾನ ಯಾರೆಂದು ನಿನಗೆ ಹೇಳಬೇಕಾಗಿಲ್ಲ, ಆದರೆ ಈ ಪತ್ರವನ್ನು ನಿನ್ನ ಸಾಹೇಬರಿಗೆ ಓದಿ ಹೇಳುವುದಾದರೆ ಹೇಳು: ನಮ್ಮ ಬಲಗೋಡೆಗೆ ಹತ್ತಿಕೊಂಡು ಬೀಜ-ಗೊಬ್ಬರದ ಅಂಗಡಿ ಇಟ್ಟವನು, ನನ್ನ ಜೊತೆ ಸಾಲಿ ಕಲಿತವನು, ನನಗಿಂತ ಎರಡು ಮಾರ್ಕು ಕಡಿಮೆ ಬಿದ್ದವನು.

ಎರಡನೆಯದು ನೆದರ್ಲ್ಯಾಂಡ್ಸ್. ಅಲ್ಲಿ ಯಾರ ಮನೆಗೆ ಸರಕಾರ ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಎಲ್ಲರೂ ನೋಡಬಹುದು ಎಂದಿದ್ದಿ. ಇದು ನನಗೆ ಭಾಳ ಮನಸ್ಸಿಗೆ ಬಂತು. ನಮ್ಮಲ್ಲಿ ನಾಲ್ಕು ವರ್ಷಕ್ಕೊಮ್ಮೆ ಆಗುವ ಆಕಾರಣಿ, ಅಂದರೆ ಯಾವ ಮನೆಗೆ ಎಷ್ಟು ಪಟ್ಟಿ ಎಂದು ಗೊತ್ತು ಮಾಡುವ ಕೆಲಸ, ಈ ವರ್ಷವೇ ಇತ್ತು. ನಾನು ಸರಪಂಚ ಮಹಾಂತನ ಮುಂದೆ ಪಾಕೀಟು ಇಟ್ಟು, ದಿಲ್ಲಿಯವರು ನಮ್ಮ ಊರಿನ ಅಭಿಪ್ರಾಯ ಕೇಳಿದ್ದಾರೆ, ಒಂದು ಪರೀಕ್ಷೆ ಮಾಡಿ ನೋಡೋಣ ಅಂದೆ. ದಿಲ್ಲಿಯವರು ಅಂದರೆ ನೀನೇ ಅಲ್ಲವೇ, ಸುಳ್ಳೇನಿಲ್ಲ. ಪಂಚಾಯ್ತಿಯ ಹೊರಗೋಡೆಗೆ ಕರಿ ಬಣ್ಣ ಬಳಿಸಿ, ಪ್ರತಿಯೊಬ್ಬರೂ ತಮ್ಮ ಮನೆಯ ಬೆಲೆಯನ್ನು ತಾವೇ ಸುಣ್ಣದ ಕಡ್ಡಿಯಿಂದ ಬರೆಯಬೇಕೆಂದು ಡಂಗುರ ಸಾರಿಸಿದೆವು.

ಎರಡು ದಿನದಲ್ಲಿ ಗೋಡೆ ತುಂಬಿತು. ಓದಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಬಡ ಊರು. ಬೀರದೇವ ಎರಡು ಮಾಳಿಗೆಯ ಮನೆಗೆ ನಲವತ್ತು ಸಾವಿರ ಬರೆದಿದ್ದ. ಅವನ ಎಮ್ಮೆಯೇ ಎಂಬತ್ತು ಸಾವಿರದ್ದು.

ಮೂರನೆಯ ದಿನ ಶೇಗಾಂವದಿಂದ ಬೀಗತನದವರು ಬಂದರು. ಬೀರದೇವನ ಮಗನಿಗೆ ಹೆಣ್ಣು ಕೊಡುವ ಮೊದಲು ಮನೆ ನೋಡಲು ಬಂದವರು. ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನ ಮುಖವನ್ನು ಒಂದು ಸಲ ನೋಡಿದರೆ ಮನೆಯ ತೊಲೆಗಳನ್ನು ಮೂರು ಸಲ ಎಣಿಸುತ್ತಾರೆ. ಬಸ್ಸಿನಿಂದ ಇಳಿದವರು ಮೊದಲು ಕಂಡದ್ದು ಪಂಚಾಯ್ತಿಯ ಗೋಡೆ. ಹುಡುಗಿಯ ಅಜ್ಜಿಗೆ ಓದಲು ಬರುತ್ತಿತ್ತು, ಅದೇ ತೊಡಕು. ನಲವತ್ತು ಸಾವಿರದ ಮನೆಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ ಎಂದು ಮುದುಕಿ ಬಸ್ ಸ್ಟ್ಯಾಂಡಿನಲ್ಲೇ ಕುಳಿತುಬಿಟ್ಟಳು. ಬೀರದೇವ ಓಡಿಬಂದು ಅಂಗೈಯಿಂದ ಗೋಡೆ ಒರೆಸಿ ಒಂಬತ್ತು ಲಕ್ಷ ಎಂದು ಬರೆದ. ಪಟ್ಟಿಯ ಪುಸ್ತಕದಲ್ಲಿ ಗುಡಿಸಲು, ಬೀಗರ ಮುಂದೆ ಅರಮನೆ ಎಂದು ಎರಡು ನಾಲಿಗೆಯಲ್ಲಿ ಇಷ್ಟು ವರ್ಷ ಬಾಳಿದ ಊರಿಗೆ ಮೊದಲ ಸಲ ಒಂದೇ ನಾಲಿಗೆ ಆಯಿತು. ಇದನ್ನು ನಿಮ್ಮ ವರದಿಯಲ್ಲಿ ಹಾಕು. ನೆದರ್ಲ್ಯಾಂಡ್ಸಿನವರಿಗೂ ಇಷ್ಟು ಹೊಳೆದಿರಲಿಕ್ಕಿಲ್ಲ: ಬೆಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುವುದಾದರೆ ಲಗ್ನದ ಹಂಗಾಮಿನಲ್ಲಿ ಹಾಕಬೇಕು.

ಆದರೆ ಎಲ್ಲರ ಮನೆಯಲ್ಲೂ ಲಗ್ನದ ಹುಡುಗರಿಲ್ಲ. ಉಳಿದವರು ಕಡಿಮೆ ಬರೆದದ್ದನ್ನು ಹಾಗೆಯೇ ಇಟ್ಟಿದ್ದರು. ಆಗ ನಾನು ಮೂರನೆಯ ದೇಶವನ್ನು ಹೊರಗೆ ತೆಗೆದೆ. ತೈವಾನದಲ್ಲಿ ಒಂದು ಕಾಲಕ್ಕೆ ಜಮೀನಿನ ಒಡೆಯನೇ ತನ್ನ ಜಾಗದ ಬೆಲೆ ಹೇಳಬೇಕಿತ್ತು, ಆ ಬೆಲೆಯ ಮೇಲೆ ಕರ. ತೀರ ಕಡಿಮೆ ಹೇಳಿದರೆ ಅದೇ ಬೆಲೆಗೆ ಸರಕಾರ ಕೊಂಡುಕೊಳ್ಳಬಹುದಿತ್ತು ಎಂದು ಬರೆದಿದ್ದೆಯಲ್ಲ, ಅದನ್ನು. ಇಪ್ಪತ್ತಾರನೆಯ ತಾರೀಖು ಝಂಡಾವಂದನೆ ಆದ ಮೇಲೆ ಗ್ರಾಮಸಭೆ ಕೂಡಿತು. ನಾನು ಎದ್ದು ನಿಂತು ತೈವಾನದ ಕಥೆಯನ್ನು ಹೇಳಿ, ನಮ್ಮ ಊರಿನಲ್ಲಿ ಸರಕಾರ ಕೊಳ್ಳುವುದು ಬೇಡ, ಯಾರಿಗೆ ಬೇಕೋ ಅವರು ಬರೆದ ಬೆಲೆಗೆ ಎಲೆ-ಅಡಿಕೆ ಕೊಟ್ಟು ಮನೆ ಕೇಳಬಹುದು, ಒಲ್ಲದವರು ಈಗಲೇ ಎದ್ದು ಖರೇ ಬೆಲೆ ಬರೆಯಲಿ ಎಂದೆ. ಎಲೆ-ಅಡಿಕೆ ಅಂದರೆ ನಮ್ಮಲ್ಲಿ ಏನೆಂದು ನಿನ್ನ ಸಾಹೇಬರಿಗೆ ತಿಳಿಸು. ಎತ್ತು ಕೊಳ್ಳುವಾಗ, ಹೊಲ ಕೊಳ್ಳುವಾಗ, ಹೆಣ್ಣು ಕೊಡುವಾಗ ನಾಲ್ಕು ಜನರ ಮುಂದೆ ಎಲೆ-ಅಡಿಕೆ ಕೈಗೆ ಬಂತೆಂದರೆ ಮಾತು ಮುಗಿಯಿತು. ಹಿಂದೆ ಸರಿದವನ ಕೈಯಿಂದ ಮುಂದೆ ಯಾರೂ ಎಲೆ ಮುಟ್ಟುವುದಿಲ್ಲ. ಪಾರಾಗಲು ದಾರಿ ಒಂದೇ: ಆ ವಸ್ತುವಿಗೆ ಇನ್ನೊಬ್ಬ ಹಿಸ್ಸೇದಾರ ಇದ್ದು, ಅವನು ಒಲ್ಲೆ ಅನ್ನಬೇಕು.

ಜನ ಗೋಡೆಯ ಕಡೆಗೆ ಓಡಿದ ಚೆಂದವನ್ನು ನೀನು ನೋಡಬೇಕಿತ್ತು. ಸುಣ್ಣದ ಕಡ್ಡಿಗೆ ಜಗಳ ಬಿತ್ತು. ನಾನು ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಗುತ್ತ ನಿಂತಿದ್ದೆ.

ನೀನು ಕೇಳಬಹುದು, ಮಾಮಾ, ನೀವು ನಿಮ್ಮ ಮನೆಗೆ ಎಷ್ಟು ಬರೆದಿದ್ದಿರಿ ಎಂದು. ಎಂಟು ಖಣದ ದೊಡ್ಡ ಕಲ್ಲಿನ ಮನೆ, ಮುಂದೆ ರಸ್ತೆ, ಹಿಂದೆ ಬಾವಿ. ತೊಂಬತ್ತು ಸಾವಿರ ಬರೆದಿದ್ದೆ. ಔಷಧ ಹೇಳಿದವನೇ ಕುಡಿಯಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಜನರೆಲ್ಲ ಬರೆದು ತಿರುಗಿ ಕುಳಿತ ಮೇಲೆ ಸುಭಾನ ಎದ್ದ. ಕಿಸೆಯಿಂದ ಹಸಿ ಅರಿವೆಯಲ್ಲಿ ಸುತ್ತಿದ ಎಲೆ-ಅಡಿಕೆ ತೆಗೆದು ನನ್ನ ಮುಂದೆ ಹಿಡಿದ.

“ಅಣ್ಣಾರಾಯ, ಗೋಡಿ ಮ್ಯಾಲ ತೊಂಬತ್ತು ಸಾವಿರ ಅಂತ ಬರದದ್ದು ನಿನ್ನ ಅಕ್ಷರ ಹೌದಲ್ಲೋ? ನಾ ತಗೊಂಡೆ. ಹಿಡಿ.”

ನಾನು ನಕ್ಕೆ. ಅವನು ನಗಲಿಲ್ಲ. ಚ್ಯಾಷ್ಟಿ ಸಾಕೋ ಅಂದೆ. ತೈವಾನದಾಗ ಹಿಂಗ ಚ್ಯಾಷ್ಟಿ ಮಾಡತಾರೇನು ಎಂದು ಕೇಳಿದ. ಗೊಬ್ಬರದ ಚೀಲ ಇಡಲು ಜಾಗ ಸಾಲುತ್ತಿಲ್ಲ, ನಿನ್ನ ಪಡಸಾಲೆ ಸರಿಯಾಗುತ್ತದೆ ಎಂದ. ಮಹಾಂತನ ಕಡೆ ನೋಡಿದೆ. ನಿಯಮ ನಿಮ್ಮದೇ ಅಲ್ಲವೇ ಕಾಕಾ, ನಾನೇನು ಹೇಳಲಿ ಎಂದು ಅವನು ಆಕಾಶ ನೋಡಿದ. ಹೆಂಗಸರ ಕಡೆಯಿಂದ ನಿನ್ನ ಮಾಮಿ, ಒಲೆಯನ್ನು ಯಾವ ಓಣಿಗೆ ಒಯ್ಯಬೇಕೆಂದು ಈಗಲೇ ಹೇಳಿದರೆ ಚಲೋ ಆಗುತ್ತದೆ ಎಂದಳು. ಇಡೀ ಸಭೆ ನಕ್ಕಿತು. ನಕ್ಕು ಮುಗಿಸಿ, ನನ್ನ ಕೈಯನ್ನು ನೋಡತೊಡಗಿತು.

ನಿನ್ನ ಅವ್ವ ಮಾಮಿಯ ಪಕ್ಕದಲ್ಲೇ ಕುಳಿತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ಸೆರಗಿನ ಅಂಚನ್ನು ನೋಡುತ್ತಿದ್ದಳು.

ಸೃಷ್ಟಿ, ಇಲ್ಲಿಂದ ಒಂದು ಹಾಳೆಯನ್ನು ನಿನ್ನ ಸಾಹೇಬರಿಗೆ ಓದಿ ಹೇಳಬೇಡ. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ಹೋದಾಗ ಮನೆಯನ್ನು ಹೆಸರಿಗೆ ಮಾಡಿಸಲು ನಾನೇ ಹೋಗಿದ್ದೆ. ವಾರಸುದಾರರು ಯಾರ್‍ಯಾರು ಎಂದು ಕೇಳಿದರು. ನಾನೊಬ್ಬನೇ ಎಂದೆ. ಸುಳ್ಳು ಹೇಳಬೇಕೆಂದು ಮನೆಯಿಂದ ಹೊರಟಿರಲಿಲ್ಲ; ಅಕ್ಕ, ಅಂದರೆ ನಿನ್ನ ಅವ್ವ, ಗಂಡನ ಮನೆಯಲ್ಲಿದ್ದಳು, ನಾಲಿಗೆಗೆ ಆ ಮಾತು ಸಲೀಸಾಗಿ ಬಂತು. ಎರಡು ವರ್ಷಕ್ಕೆ ಅವಳು ಕುಂಕುಮ ಕಳೆದುಕೊಂಡು ಎಂಟು ವರ್ಷದ ನಿನ್ನ ಕೈ ಹಿಡಿದುಕೊಂಡು ಬಂದಳು. ಹಿಂದಿನ ಎರಡು ಖೋಲಿ ಬಿಟ್ಟುಕೊಟ್ಟೆ. ಅಕ್ಕನಿಗೆ ಎರಡು ಖೋಲಿ ಕೊಟ್ಟಿದ್ದೇನೆ ಎಂದು ಜತ್ತದ ಬಾಜಾರದವರೆಗೂ ಹೇಳಿಕೊಂಡು ಬಂದೆ. ಅವಳದನ್ನೇ ಅವಳಿಗೆ ಕೊಟ್ಟು ದಾನಶೂರ ಎನ್ನಿಸಿಕೊಂಡೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಮೀಟರಿನ ಮಾತನ್ನು ಎರಡು ಸಲ ತೆಗೆದಳು, ಎರಡು ಸಲವೂ ನಾನು ನಗೆಚಾಟಿಕೆ ಮಾಡಿ ಹಾರಿಸಿದೆ. ಅರ್ಧ ಅವಳದೆಂದು ಗೊತ್ತಿರಲಿಲ್ಲ ಎಂದಲ್ಲ. ಕೊಟ್ಟರೆ, ಇಷ್ಟು ವರ್ಷ ಕೊಟ್ಟಿದ್ದೇನೆಂದು ಹೇಳಿಕೊಂಡದ್ದು ಏನು ಎಂದು ಜನ ಕೇಳುತ್ತಾರಲ್ಲ, ಅದರ ನಾಚಿಕೆ.

ಎಲೆ-ಅಡಿಕೆ ಇನ್ನೂ ನನ್ನ ಮೂಗಿನ ಮುಂದೆಯೇ ಇತ್ತು.

“ನಾ ಒಬ್ಬನ ಕೊಡಾಕ ಬರೂದಿಲ್ಲ,” ಅಂದೆ. “ಅರ್ಧಾ ಮನಿ ಅಕ್ಕಂದೈತಿ.”

ಗ್ರಾಮಸೇವಕ ತಾನಾಜಿ ಮಿರಜದ ಕಡೆಯವನು, ಅವನ ಕನ್ನಡದಲ್ಲಿ ಅರ್ಧ ಮರಾಠಿ. ಆದರೆ ಈ ಮಾತು ಅವನಿಗೆ ಪೂರ್ತಿ ತಿಳಿಯಿತು. ಪೆನ್ನಿನ ಟೋಪಿ ತೆಗೆದು, ಇನ್ನೊಮ್ಮೆ ಹೇಳಿರಿ, ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಎಂದ. ಇನ್ನೊಮ್ಮೆ ಹೇಳಿದೆ. ಒಳ್ಳೆ ದನಿ ತೆಗೆದು ಹೇಳಿದೆ. ಹೇಳುವುದಾದರೆ ಹಿಂದಿನ ಸಾಲಿಗೂ ಕೇಳಿಸಬೇಕು, ನಾನು ಹಾಗೆಯೇ.

ಹಾಗಾದರೆ ಹಿಸ್ಸೇದಾರರು ಏನನ್ನುತ್ತಾರೆ ಎಂದು ಸುಭಾನ ನಿನ್ನ ಅವ್ವನ ಕಡೆ ತಿರುಗಿದ. ತಟ್ಟನೆ ಒಲ್ಲೆ ಅನ್ನುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳು ಗಲ್ಲದ ಮೇಲೆ ಕೈ ಇಟ್ಟುಕೊಂಡು, ಸುಭಾನಣ್ಣ ಚಲೋ ಮನುಷ್ಯ, ಬಾಜೂಕ ಇದ್ದರೆ ಗಿರಣಿಗೆ ಗಿರಾಕಿಗಳೂ ಬರುತ್ತಾರೆ, ವಿಚಾರ ಮಾಡಬೇಕಾಗುತ್ತದೆ ಎಂದಳು. ನನ್ನ ಬೆನ್ನಲ್ಲಿ ಬೆವರು ಇಳಿಯಿತು. ಜನವರಿಯ ಥಂಡಿಯಲ್ಲಿ. ಆಮೇಲೆ ತಾನಾಜಿಗೆ, ನೀವು ಬರೆದುಕೊಂಡದ್ದನ್ನು ಒಮ್ಮೆ ಓದಿರಿ ಎಂದಳು. ಅವನು ಓದಿದ. ನಮ್ಮಿಬ್ಬರ ಹೆಸರೂ ಇದ್ದವು. ಇದರ ಕೆಳಗೆ ತಮ್ಮನ ಸಹಿ ಹಾಕಿಸಿರಿ ಎಂದಳು. ಹಾಕಿದೆ. ಆಗ ಹೇಳಿದಳು, ಮಾರುವುದಿಲ್ಲ ಎಂದು.

ಅಷ್ಟಕ್ಕೇ ಬಿಟ್ಟಾಳೆಯೇ? ಮೊಣಕಾಲು ಹಿಡಿದುಕೊಂಡು ಎದ್ದು ಗೋಡೆಯವರೆಗೆ ಹೋಗಿ, ನನ್ನ ತೊಂಬತ್ತು ಸಾವಿರವನ್ನು ಸೆರಗಿನಿಂದ ಒರೆಸಿದಳು.

“ನನ್ನ ಅರ್ಧಾ ನಾಕು ಲಕ್ಷ,” ಅಂದಳು. “ಇದರ ಮ್ಯಾಲ ಎಷ್ಟು ಪಟ್ಟಿ ಬರತೈತಿ ಹಾಕ್ರಿ, ಕೊಡತೀನಿ. ಪಾವತಿ ಚೀಟಿ ಮ್ಯಾಲ ಇಂದ್ರಾಬಾಯಿ ಅಂತ ನನ್ನ ಹೆಸರ ಬರೀರಿ.”

ಪೂರ್ತಿ ಮನೆ ತೊಂಬತ್ತು ಸಾವಿರ, ಅದರ ಅರ್ಧ ನಾಲ್ಕು ಲಕ್ಷ. ಇಂಥ ಗಣಿತ ಎಸ್ಟೋನಿಯಾದಲ್ಲಿ ಇದೆಯೇ ವಿಚಾರಿಸಿ ನೋಡು.

ಆಮೇಲೆ ನಡೆದದ್ದು ಇನ್ನೂ ಚೆಂದ. ಸುಭಾನನ ಹೆಂಡತಿ ಕರೀಮಾ ಎದ್ದು, ಅಂಗಡಿ ಹಿಂದಿನ ಮನೆಯ ಪಾವತಿಯ ಮೇಲೆ ತನ್ನ ಹೆಸರೂ ಬರುತ್ತದೆಯೇ ಎಂದು ತಾನಾಜಿಯನ್ನು ಕೇಳಿದಳು. ಗಂಡ ಒಪ್ಪಿದರೆ ಬರುತ್ತದೆ ಎಂದ. ಅಲ್ಲಿಯವರೆಗೆ ಹುಬ್ಬು ಹಾರಿಸುತ್ತಿದ್ದ ಸುಭಾನನ ಹುಬ್ಬು ಅಲ್ಲೇ ನಿಂತವು. ಅವಳ ಹಿಂದೆ ಮತ್ತೆ ಹನ್ನೊಂದು ಹೆಂಗಸರು ಎದ್ದರು. ಪಟ್ಟಿ ಹೆಚ್ಚಾದರೂ ಚಿಂತೆಯಿಲ್ಲ, ಹೆಸರು ಬರಲಿ ಎಂದವರು ಅವರೇ.

ಆದ್ದರಿಂದ ನಿಮ್ಮ ಕಚೇರಿಗೆ ನನ್ನ ಖಚಿತ ಅಭಿಪ್ರಾಯ ಬರೆದುಕೋ. ಎಸ್ಟೋನಿಯಾದ್ದು ಗೋಡೆಗಳಿಗೆ ಒಳ್ಳೆಯದು. ನೆದರ್ಲ್ಯಾಂಡ್ಸಿನದು ಬೀಗರಿಗೆ ಒಳ್ಳೆಯದು. ತೈವಾನದ್ದು ಅಪಾಯದ್ದು, ಅದನ್ನು ತರುವ ಮೊದಲು ತರುವವನ ಮನೆಯಲ್ಲಿ ಪರೀಕ್ಷೆ ಮಾಡಬೇಕು. ಆದರೆ ಈ ಮೂರಕ್ಕಿಂತ ಮೊದಲು ಮಾಡುವ ಕೆಲಸ ಒಂದಿದೆ. ಪಟ್ಟಿ ಎಷ್ಟು ಎಂದು ಕೇಳುವ ಮೊದಲು ಮನೆ ಯಾರ್‍ಯಾರದು ಎಂದು ಕೇಳಿರಿ, ಎಲ್ಲರ ಹೆಸರನ್ನೂ ಪಾವತಿಯ ಮೇಲೆ ಬರೆಯಿರಿ. ಹೆಸರಿಲ್ಲದ ಮನೆಗೆ ಕೊಡುವುದು ದಂಡ. ಹೆಸರಿರುವ ಮನೆಗೆ ಕೊಡುವುದು ಪುರಾವೆ. ಈ ಮಾತು ನನ್ನದೇ. ನಿನ್ನ ಅವ್ವ ಹೀಗೆಯೇ ಏನೋ ಅಂದಿದ್ದಳು, ಆದರೆ ಇಷ್ಟು ಚೊಕ್ಕಾಗಿ ಅಂದಿರಲಿಲ್ಲ.

ನಿನ್ನ ಎರಡು ಸಾಲಿನ ಪ್ರಶ್ನೆಗೆ ಈಗ ಉತ್ತರ. ನಾನು ಒಪ್ಪಿಗೆಯ ಕಾಗದ ಕೊಟ್ಟೆ, ಮೊನ್ನೆಯ ಮಾಸಿಕ ಸಭೆಯಲ್ಲಿ ಠರಾವು ಆಯಿತು, ಉತಾರದಲ್ಲಿ ಈಗ ಎರಡು ಹೆಸರು. ಅವ್ವನದು ಮೇಲೆ, ನನ್ನದು ಕೆಳಗೆ. ದೊಡ್ಡವಳು ಎಂದು ನಾನೇ ಮೇಲೆ ಬರೆಸಿದೆ. ಮೀಟರಿಗೆ ಅರ್ಜಿ ಹೋಗಿದೆ. ಹೋಳಿಯ ಹೊತ್ತಿಗೆ ಮೆಣಸಿನಕಾಯಿಯ ಹಂಗಾಮು ಶುರುವಾಗುತ್ತದೆ. ಈ ವರ್ಷ ಊರ ಹೆಂಗಸರು ಖಾರ ಕುಟ್ಟಿಸಲು ಬಸ್ಸು ಹತ್ತಿ ಜತ್ತಕ್ಕೆ ಹೋಗುವುದು ಬೇಡ. ನಾನು ಈಗಿನಿಂದಲೇ ಸೀನುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ಇನ್ನೊಂದು. ತಾನಾಜಿ ಅಳತೆಗೆ ಬಂದಾಗ, ಗಿಲಾವು ಮಾಡಿಸಿದರೆ ಪಟ್ಟಿ ಎಷ್ಟು ಏರುತ್ತದೆ ಎಂದು ಕೇಳಿದೆ. ಅವನ ಕಾಗದದಲ್ಲಿ ಗೋಡೆ ಮಣ್ಣಿನದೋ ಕಲ್ಲಿನದೋ, ಛಾವಣಿ ಎಂಥದು, ಉದ್ದ-ಅಗಲ ಎಷ್ಟು ಎಂದಿದೆ. ಗಿಲಾವಿಗೆ ಖಾನೆಯೇ ಇಲ್ಲ. ಎಂದೂ ಇರಲಿಲ್ಲವಂತೆ. ಹತ್ತೊಂಬತ್ತು ವರ್ಷ! ಓಣಿಯಲ್ಲಿ ಒಬ್ಬನಾದರೂ ಹೋಗಿ ಕೇಳಿದ್ದರೆ. ನಿನ್ನ ಅವ್ವ ಮರುದಿನವೇ ಗವಂಡಿ ಸೋಮಲಿಂಗನನ್ನು ಕರೆಸಿದಳು. ಈಗ ನಾನು ಬರೆಯುತ್ತಿರುವ ಜಾಗಕ್ಕೆ ಹಸಿ ಸಿಮೆಂಟಿನ ವಾಸನೆ ಬರುತ್ತಿದೆ. ಬಣ್ಣ ಹಸಿರು, ಅವಳ ಹಿಸ್ಸೆಯ ಹಕ್ಕಿನಿಂದ.

ನಾನು ಸಿಕ್ಕಿಬಿದ್ದೆ ಎಂದು ಮಾತ್ರ ತಿಳಿಯಬೇಡ. ಇಷ್ಟೆಲ್ಲ ನಾನೇ ಮೊದಲು ಲೆಕ್ಕ ಹಾಕಿದ್ದೆ. ನೆಟ್ಟಗೆ ಹೋಗಿ ಅಕ್ಕನಿಗೆ ಅರ್ಧ ಕೊಡುವುದು ಸಪ್ಪೆ ಕೆಲಸ. ಊರಿನ ಮುಂದೆ ಕೊಡಬೇಕು, ಜೊತೆಗೆ ಊರಿಗೂ ಪಾಠ ಆಗಬೇಕು ಎಂದು ಸುಭಾನನಿಗೆ ನಾನೇ ಕಣ್ಣು ಹೊಡೆದಿದ್ದೆ. ಅವನು ಚೆನ್ನಾಗಿ ಪಾತ್ರ ಮಾಡಿದ. ಮಾಮಾನ ತಲೆ ಎಂಥದೆಂದು ನಿನ್ನ ಸಾಹೇಬರಿಗೆ ತಿಳಿಯಲಿ.

ಊಟ ಹೊತ್ತಿಗೆ ಸರಿಯಾಗಿ ಮಾಡು. ದಿಲ್ಲಿಯ ಥಂಡಿಗೆ ಕಿವಿ ಮುಚ್ಚಿಕೊಂಡು ಅಡ್ಡಾಡು.

ಇಂತಿ,
ಅರ್ಧ ಮನೆಯ ಒಡೆಯ, ಪೂರ್ತಿ ನಿನ್ನವನೇ ಆದ
ಅಣ್ಣಾರಾಯ ಮಾಮಾ

ತಾ.ಕ.: ಪಾಕೀಟು ಅಂಟಿಸಲು ಸ್ವಲ್ಪ ಗಂಜಿ ಬೇಕಾಗಿ ನಿನ್ನ ಅವ್ವನ ಖೋಲಿಗೆ ಹೋಗಿದ್ದೆ. ಅವಳು ಬಾವಿಯ ಕಡೆ ಇದ್ದಳು. ಗೋಡೆಯ ಮಾಡದಲ್ಲಿ ನಿನ್ನ ಅಕ್ಷರದ ಇನ್ನೊಂದು ಪತ್ರ ಕಂಡಿತು. ಜನವರಿಯಲ್ಲಿ ನನಗೆ ಬಂದ ಪತ್ರದ ತಾರೀಖೇ ಅದಕ್ಕೂ ಇತ್ತು. ಓದಬಾರದಿತ್ತು, ಓದಿದೆ. “ಅವ್ವಾ, ಮಾಮಾನ ಮುಂದ ಇನ್ನ ಏನೂ ಕೇಳಬ್ಯಾಡ. ತೈವಾನದ ಕಥಿ ಅವರಿಗೆ ಬರದೀನಿ, ಗ್ರಾಮಸಭಾದಾಗ ಹೇಳದ ಅವರು ಇರಾಂಗಿಲ್ಲ. ಸುಭಾನ ಕಾಕಾಗ ಎಲಿ-ಅಡಿಕಿ ಕಿಸೆದಾಗ ಇಟ್ಕೊಂಡು ಬರಾಕ ಹೇಳು.” ಹಲ್ಲು ಹೋಗಿ ಮೂರು ವರ್ಷದಿಂದ ಎಲೆ ಮುಟ್ಟದವನ ಕಿಸೆಯಲ್ಲಿ ಎಲೆ-ಅಡಿಕೆ ಎಲ್ಲಿಂದ ಬಂತು ಎಂದು ನಾನು ಆಗಲೇ ವಿಚಾರ ಮಾಡಬೇಕಿತ್ತು. ಪತ್ರವನ್ನು ಇದ್ದಲ್ಲೇ ಇಟ್ಟು ಬಂದಿದ್ದೇನೆ, ಅವ್ವನಿಗೆ ತಿಳಿಸಬೇಡ. ಕಣ್ಣು ಹೊಡೆದೆ ಎಂದು ಮೇಲೆ ಬರೆದ ಸಾಲನ್ನು ಮಾತ್ರ ಹೊಡೆದುಹಾಕುವುದಿಲ್ಲ. ನಿನ್ನ ಸಾಹೇಬರು ನಂಬಲಿ. ನೀನು ನಂಬುವುದು ಬೇಡ.